ಚೀಟಿಯೋ, ಗುಂಡಿಯೋ?

ಮತಗಟ್ಟೆ ಕೆಲಸಕ್ಕೆ ಶಾಲೆಯ ಮೇಷ್ಟರುಗಳನ್ನು ಕಳಿಸುವುದು ಹಳೆಯ ಪದ್ಧತಿ. ಹಾಗಾಗಿ ನಾನು ಮತಪತ್ರದ ಚುನಾವಣೆಯನ್ನೂ ಕಂಡಿದ್ದೇನೆ, ಯಂತ್ರದ್ದನ್ನೂ ಕಂಡಿದ್ದೇನೆ. ಈಗ ಮೊಮ್ಮಗಳು ಕೇಳುತ್ತಾಳೆ: "ತಾತ, ಗುಂಡಿ ಒತ್ತಿದರೆ ವೋಟು ಅವರಿಗೇ ಹೋಯಿತು ಅಂತ ಹೇಗೆ ಗೊತ್ತಾಗುತ್ತೆ?"

ಮತಪತ್ರದ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ತಾಪತ್ರಯಗಳು ಬೇರೆ ಇದ್ದವು. ತಪ್ಪಾಗಿ ಮಡಚಿದರೆ ಹಸಿ ಶಾಯಿ ಇನ್ನೊಂದು ಚಿಹ್ನೆಗೂ ಅಂಟುತ್ತಿತ್ತು. ಮುದ್ರೆ ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದರೆ ಎಣಿಕೆ ಮೇಜಿನ ಸುತ್ತ ಜಗಳ. ಕೆಲವರು ಅಕ್ಕರೆಯಿಂದ ತಮ್ಮ ಹೆಸರನ್ನೇ ಬರೆದುಬಿಡುತ್ತಿದ್ದರು; ಅದು ಕುಲಗೆಟ್ಟ ಮತ. ಪುಂಡರು ನುಗ್ಗಿದರಂತೂ ಕಟ್ಟುಗಟ್ಟಲೆ ಮತಪತ್ರಕ್ಕೆ ಮುದ್ರೆ ಒತ್ತಿ ತುಂಬಬಹುದಿತ್ತು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 456 ಮಂದಿ ನಿಂತಿದ್ದರು. ಮತಪತ್ರ ಎಷ್ಟು ದೊಡ್ಡದಿರಬೇಕು, ನೀವೇ ಊಹಿಸಿ!

ಯಂತ್ರ ಮೊದಲು ಬಂದದ್ದು 1982ರಲ್ಲಿ, ಕೇರಳದ ಪರವೂರಿನ 50 ಮತಗಟ್ಟೆಗಳಿಗೆ. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲವೆಂದು ಸುಪ್ರೀಂ ಕೋರ್ಟ್ ಅಲ್ಲಿ ಮರುಮತದಾನ ಮಾಡಿಸಿತು. ಆಮೇಲೆ ಕಾನೂನು ತಿದ್ದುಪಡಿಯಾಗಿ, 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇಡೀ ದೇಶಕ್ಕೆ ಯಂತ್ರವೇ ಬಂತು. ಅದನ್ನು ತಯಾರಿಸುವ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಈ ಯಂತ್ರ ನಿಮಿಷಕ್ಕೆ ನಾಲ್ಕೈದು ವೋಟಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಪುಂಡರ ಅವಸರಕ್ಕೆ ಅದು ಬಗ್ಗದು.

ಆದರೆ ಯಂತ್ರದ ಹೊಟ್ಟೆಯೊಳಗೆ ಇಣುಕಲಾಗದು. ತಾಂತ್ರಿಕ ಜ್ಞಾನವಿಲ್ಲದ ಪ್ರಜೆಯೂ ಎಣಿಕೆಯನ್ನು ಪರಿಶೀಲಿಸುವಂತಿರಬೇಕು ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಹೇಳಿ, ಅಲ್ಲಿ ಬಳಸಿದ್ದ ಯಂತ್ರಗಳನ್ನು ತಳ್ಳಿಹಾಕಿತು. ನಮ್ಮವರು ಹಿಡಿದ ದಾರಿ ವಿವಿಪ್ಯಾಟ್. ಗುಂಡಿ ಒತ್ತಿದ ಕೂಡಲೇ ಗಾಜಿನ ಕಿಂಡಿಯಲ್ಲಿ ಚೀಟಿಯೊಂದು 7 ಸೆಕೆಂಡು ಕಂಡು, ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಇದು ಎಲ್ಲ ಕ್ಷೇತ್ರಗಳಿಗೂ ಬಂತು. ಎಣಿಸುವುದು ಮಾತ್ರ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿಗಳನ್ನು. ಎಲ್ಲವನ್ನೂ ಎಣಿಸಿ, ಇಲ್ಲವೇ ಮತಪತ್ರಕ್ಕೇ ಮರಳಿ ಎಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ.

ನನ್ನ ಕೇಳಿದರೆ ಮುದ್ರೆಯ ಕಾಲಕ್ಕೆ ಮರಳುವುದು ಬೇಡ; ಎಣಿಸುವ ಚೀಟಿಗಳು ಹೆಚ್ಚಲಿ. ಫಲಿತಾಂಶ ಒಂದು ದಿನ ತಡವಾದರೆ ಯಾರ ಗಂಟೂ ಹೋಗುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಿಂಡಿಯಲ್ಲಿ ಬೇರೆ ಚಿಹ್ನೆ ಕಂಡರೆ ಅಲ್ಲೇ ಮತಗಟ್ಟೆ ಅಧಿಕಾರಿಗೆ ಹೇಳಬಹುದು. ಬರೆದುಕೊಟ್ಟರೆ ಏಜೆಂಟರ ಎದುರೇ ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳಾದರೆ ದೂರು ಕೊಟ್ಟವರಿಗೆ ಶಿಕ್ಷೆಯೂ ಉಂಟು.