ಶ್ರವಣಾತೀತ ಧ್ವನಿ ಚಿತ್ರಣ

ಶ್ರವಣಾತೀತ ಧ್ವನಿ ಚಿತ್ರಣ ಅಥವಾ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಎಂಬುದು ಮನುಷ್ಯನ ಕಿವಿಗೆ ಕೇಳಿಸದ ಧ್ವನಿತರಂಗಗಳ ಪ್ರತಿಧ್ವನಿಯಿಂದ ದೇಹದ ಒಳಭಾಗದ ಚಿತ್ರ ಪಡೆಯುವ ವೈದ್ಯಕೀಯ ವಿಧಾನ. ಕ್ಷ-ಕಿರಣದಂತಹ ವಿಕಿರಣ ಇದರಲ್ಲಿ ಬಳಕೆಯಾಗುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಲೇಖನದ ನಂತರ ಇದು ಪ್ರಸೂತಿ ವೈದ್ಯದಲ್ಲಿ ನೆಲೆಯೂರಿತು.

ಕಾರ್ಯವಿಧಾನ

ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ 2ರಿಂದ 15 ಮೆಗಾಹರ್ಟ್ಸ್ ಆವರ್ತನದ ತರಂಗಗಳನ್ನು ಬಳಸುತ್ತಾರೆ. ಪ್ರೋಬ್‌ನೊಳಗಿನ ಪೀಜೋವಿದ್ಯುತ್ ಹರಳುಗಳು ವಿದ್ಯುತ್ ಮಿಡಿತಕ್ಕೆ ಕಂಪಿಸಿ ತರಂಗ ಹೊರಡಿಸುತ್ತವೆ. ಅಂಗಾಂಶಗಳ ಗಡಿಗಳಿಂದ ಮರಳಿದ ಪ್ರತಿಧ್ವನಿಯನ್ನು ಅವೇ ಹರಳುಗಳು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಆದ್ದರಿಂದ 130 ಮೈಕ್ರೋಸೆಕೆಂಡಿನಲ್ಲಿ ಪ್ರತಿಧ್ವನಿ ಮರಳಿದರೆ ಆ ಗಡಿ ಸುಮಾರು 10 ಸೆಂಟಿಮೀಟರ್ ಆಳದಲ್ಲಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ದ್ರವ ಕಪ್ಪಾಗಿಯೂ, ಮೂತ್ರಪಿಂಡದ ಕಲ್ಲು ಹಿಂದೆ ನೆರಳುಳ್ಳ ಬಿಳಿ ಚುಕ್ಕೆಯಾಗಿಯೂ ಕಾಣುತ್ತದೆ. ಚರ್ಮಕ್ಕೆ ಜೆಲ್ ಹಚ್ಚುವುದು ನಡುವಿನ ಗಾಳಿಯನ್ನು ತೆಗೆಯಲು. ಗಾಳಿಯ ಪದರ ತರಂಗವನ್ನು ಬಹುಪಾಲು ಹಿಂದಿರುಗಿಸಿಬಿಡುತ್ತದೆ.

ಮಿತಿ

ಮೂಳೆಯನ್ನು ಈ ತರಂಗಗಳು ಸುಲಭವಾಗಿ ದಾಟಲಾರವು. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದಂತಹ ತಾಲ್ಲೂಕುಗಳಲ್ಲಿ ಇದು ಗಮನಾರ್ಹ: ಮೂಳೆಯ ಫ್ಲೋರೋಸಿಸ್ ಗುರುತಿಸಲು ಕ್ಷ-ಕಿರಣ ಚಿತ್ರವೇ ಬೇಕು.

ಮಧುಗಿರಿ ವಿಭಾಗದಲ್ಲಿ ಪ್ರಾಮುಖ್ಯ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿವೆ. ಬಹುತೇಕ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡ ಜಿಲ್ಲಾ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದರೆ ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾಗಬಹುದು. ಇದು ಸ್ಕ್ಯಾನಿಂಗ್‌ನಲ್ಲಿ ಮೊದಲೇ ತಿಳಿದರೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಲು ಸಮಯ ಸಿಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಶಿರಾ, ಪಾವಗಡಗಳಲ್ಲಿ ಕುರಿಸಾಕಣೆ ದೊಡ್ಡ ಕಸುಬು. ಕುರಿಗಳ ಗರ್ಭ ಪತ್ತೆಗೂ ಇದೇ ತಂತ್ರ ಉಪಯುಕ್ತ.

ಕಾನೂನು

ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ರೂಪುಗೊಂಡ ಕಾಯ್ದೆ 1996ರ ಜನವರಿ 1ರಿಂದ ಜಾರಿಗೆ ಬಂದಿತು. ಭ್ರೂಣದ ಲಿಂಗ ಪತ್ತೆ ಮಾಡುವುದೂ ತಿಳಿಸುವುದೂ ಅಪರಾಧ. ಮೊದಲ ಬಾರಿ ತಪ್ಪೆಸಗಿದವರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 10,000 ರೂಪಾಯಿವರೆಗೆ ದಂಡ ವಿಧಿಸಬಹುದು. ದುರುಪಯೋಗದ ಭಯದಿಂದಲೇ ಕೈಯಲ್ಲಿ ಒಯ್ಯಬಹುದಾದ ಯಂತ್ರಗಳಿಗೂ ನಿರ್ಬಂಧಗಳಿವೆ. ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ ಅಥವಾ ನಿಯಮಬದ್ಧ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಅವುಗಳನ್ನು ಬಳಸಬಹುದಾದ್ದರಿಂದ ದೂರದ ಹಳ್ಳಿಯ ಗರ್ಭಿಣಿ ಸಾಮಾನ್ಯವಾಗಿ ಯಂತ್ರವಿರುವಲ್ಲಿಗೇ ಬರಬೇಕಾಗುತ್ತದೆ.