ಚಳಿಯೆನಿಸದ ನಡುಕ

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರ ಮನೆಯನ್ನು ಮಾಗಿಯ ದಿನಗಳಲ್ಲಿ ಹೊಕ್ಕು ನೋಡಿದವರು ಬಲ್ಲರು: ಹೊರಗೆ ಎಷ್ಟೇ ಕುಳಿರ್ಗಾಳಿ ಬೀಸಲಿ, ಮರಿಹುಳುಗಳ ಕೋಣೆ ಬೆಚ್ಚಗಿರಬೇಕು. ಅವಕ್ಕೆ 27-28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ಮನುಷ್ಯಶಿಶು ಹುಟ್ಟುವ ಕೋಣೆಗೂ ವಿಶ್ವ ಆರೋಗ್ಯ ಸಂಸ್ಥೆ 25ರಿಂದ 28 ಡಿಗ್ರಿಯನ್ನೇ ಸೂಚಿಸಿದೆ. ಆದರೆ ಶಸ್ತ್ರಕ್ರಿಯೆಯ ಕೋಣೆಗಳು ಸಾಮಾನ್ಯವಾಗಿ ಅದಕ್ಕಿಂತ ತಣ್ಣಗಿರುತ್ತವೆ. ಮೈತುಂಬ ಉಡುಪು ತೊಟ್ಟು ದೀಪದಡಿ ದುಡಿಯುವ ವೈದ್ಯರಿಗೆ ಅದೇ ಸುಖ. ಮೇಜಿನ ಮೇಲೆ ಮಲಗಿದ ತಾಯಿಯ ಪಾಡೇನು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳಲ್ಲಾಗಲಿ, ಬೇರೆಲ್ಲಿಯೇ ಆಗಲಿ, ಸಿಸೇರಿಯನ್ ಹೆರಿಗೆಗೆ ಇಂದು ಹೆಚ್ಚಾಗಿ ಬೆನ್ನಿಗೆ ಸೂಜಿಯಿಟ್ಟು ಕೆಳಮೈಯನ್ನು ಮಾತ್ರ ಮರಗಟ್ಟಿಸುತ್ತಾರೆ. ಮದ್ದನ್ನು ಬೆನ್ನುಹುರಿಯ ಪೊರೆಯ ಹೊರಗೆ ಬಿಟ್ಟರೆ ಎಪಿಡ್ಯೂರಲ್, ಒಳಗಿನ ದ್ರವಕ್ಕೆ ಬಿಟ್ಟರೆ ಸ್ಪೈನಲ್. ತಾಯಿ ಎಚ್ಚರವಾಗಿದ್ದು ಮಗುವಿನ ಮೊದಲ ಅಳುವನ್ನು ಕೇಳುತ್ತಾಳೆ. ಆದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ನಡುಕ ಹಿಡಿಯುತ್ತದೆ. ಹಲ್ಲು ಕಟಕಟಿಸುತ್ತವೆ, ತೋಳುಗಳು ಅದುರುತ್ತವೆ. ಕಾಲುಗಳು ಮಾತ್ರ ನಿಶ್ಚಲ. ಚಳಿಯೇ ಎಂದು ಕೇಳಿದರೆ ಇಲ್ಲವೆನ್ನುವವರೂ ಉಂಟು!

ಇದರ ಮರ್ಮವಿಷ್ಟು. ನಮ್ಮ ದೇಹದ ಒಡಲು 37 ಡಿಗ್ರಿಯಷ್ಟು ಬಿಸಿ. ಕೈಕಾಲುಗಳು ಅದಕ್ಕಿಂತ ತಂಪು. ಅಲ್ಲಿಯ ರಕ್ತನಾಳಗಳು ಸಂಕುಚಿಸಿಕೊಂಡು ಶಾಖವನ್ನು ಒಡಲಲ್ಲೇ ಕಾದಿಡುತ್ತವೆ. ಅರಿವಳಿಕೆ ಈ ನಾಳಗಳ ಬಿಗಿಯನ್ನು ಸಡಿಲಿಸುತ್ತದೆ. ಒಡನೆಯೇ ಬಿಸಿರಕ್ತ ಕಾಲುಗಳಿಗೆ ಹರಿಯುತ್ತದೆ. ಕಾಲು ಬೆಚ್ಚಗಾಗುತ್ತದೆ, ಒಡಲು ತಣಿಯುತ್ತದೆ. ಚರ್ಮ ಬೆಚ್ಚಗಿರುವುದರಿಂದ ತಾಯಿಗೆ ಚಳಿಯೆನಿಸದು. ಮಿದುಳಿನ ಹೈಪೊಥಲಮಸ್ ಮಾತ್ರ ಮೋಸಹೋಗದೆ, ತನ್ನ ಆಜ್ಞೆಯನ್ನು ಕೇಳಬಲ್ಲ ಸ್ನಾಯುಗಳನ್ನೆಲ್ಲ ನಡುಗಿಸುತ್ತದೆ. ಸಿರೆಯ ಮೂಲಕ ಕೋಣೆಯ ಉಷ್ಣತೆಯಲ್ಲಿರುವ ಲವಣದ್ರವ ಒಂದು ಲೀಟರ್ ಹೋದರೆ ದೇಹ ಇನ್ನೂ ಕಾಲು ಡಿಗ್ರಿಯಷ್ಟು ತಣಿಯುತ್ತದೆ.

ನಡುಕದಿಂದ ಆಮ್ಲಜನಕದ ವೆಚ್ಚ ಏರುತ್ತದೆ. ರಕ್ತದೊತ್ತಡ, ಹೃದಯಗತಿಗಳನ್ನು ಅಳೆಯುವ ಯಂತ್ರಗಳು ತಪ್ಪು ತೋರಿಸುತ್ತವೆ. ಅದುರುವ ತೋಳುಗಳಲ್ಲಿ ಕೂಸನ್ನು ಹಿಡಿಯುವುದಾದರೂ ಹೇಗೆ?

ಪೆಥಿಡಿನ್, ಟ್ರಮಡಾಲ್ ಮೊದಲಾದ ಮದ್ದುಗಳು ಸ್ವಲ್ಪ ಪ್ರಮಾಣದಲ್ಲೇ ನಡುಕವನ್ನು ತಡೆಯುತ್ತವೆ; ಆದರೆ ಅವುಗಳಿಂದ ಓಕರಿಕೆಯೂ ತೂಕಡಿಕೆಯೂ ಬರಬಹುದು. ಆದುದರಿಂದ ಮೊದಲ ಉಪಾಯ ಶಾಖವೇ: ಬೆಚ್ಚಗಿನ ಕೋಣೆ, ಯಂತ್ರದಲ್ಲಿ ಹದವಾಗಿ ಕಾಯಿಸಿದ ದ್ರವ, ಬಿಸಿಗಾಳಿ ಊದುವ ಹೊದಿಕೆ. ಸೂಜಿ ಹಾಕುವ ಮುನ್ನವೇ ಬೆಚ್ಚಗಿಟ್ಟರೆ ಇನ್ನೂ ಲೇಸು. ಕಾಲುಗಳು ಮೊದಲೇ ಬೆಚ್ಚಗಿದ್ದರೆ ಒಡಲಿನ ಶಾಖ ಅತ್ತ ಹರಿಯುವುದು ಕಡಿಮೆ. ಮನೆಯವರು ಅಕ್ಕರೆಯಿಂದ ಬಿಸಿನೀರಿನ ಸೀಸೆಯನ್ನು ಕಾಲಿಗೆ ಒತ್ತಿಡುವುದು ಮಾತ್ರ ಸಲ್ಲದು. ಮರಗಟ್ಟಿದ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.