ಜರ್ಮನಿಯಲ್ಲಿ ತರಬೇತಿ: ಮೊದಲು ಭಾಷೆ, ಆನಂತರ ವಿಮಾನದ ಟಿಕೆಟ್

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ವೃತ್ತಿ ತರಬೇತಿಗಾಗಿ ಜರ್ಮನಿಗೆ ಹೊರಡುವವರ ಮಟ್ಟಿಗೆ ಈ ಕ್ರಮವನ್ನು ಅದಲುಬದಲು ಮಾಡಿಕೊಳ್ಳುವುದು ಲೇಸು: ಕೋಶ ಮೊದಲು, ದೇಶ ಆನಂತರ.

ಯಂತ್ರೋಪಕರಣ, ವಾಹನಗಳ ಬಿಡಿಭಾಗ, ಅಚ್ಚುಗಳ ತಯಾರಿಕೆಯಲ್ಲಿ ತೊಡಗಿರುವ ಸಣ್ಣ ಉದ್ದಿಮೆದಾರರು ತಮ್ಮ ಮಕ್ಕಳನ್ನೋ ಎಂಜಿನಿಯರುಗಳನ್ನೋ ಕೆಲವು ತಿಂಗಳು ಜರ್ಮನಿಗೆ ಕಳುಹಿಸಲು ಯೋಜಿಸುವಾಗ, ವೆಚ್ಚದ ಅಂದಾಜಿನಲ್ಲಿ ವಿಮಾನ ದರ, ವಸತಿ, ವಿಮೆ, ಶುಲ್ಕ ಎಲ್ಲವೂ ಇರುತ್ತವೆ. ಭಾಷಾ ಕಲಿಕೆಯ ಸಾಲು ಮಾತ್ರ ಖಾಲಿ ಇರುತ್ತದೆ. ಅಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂಬುದು ಇದಕ್ಕೆ ದೊರೆಯುವ ಉತ್ತರ. ಈ ಉತ್ತರ ಅರ್ಧ ಸತ್ಯ. ದೊಡ್ಡ ಕಂಪನಿಗಳ ಸಭಾಕೊಠಡಿಯಲ್ಲಿ ಇಂಗ್ಲಿಷ್ ಸಾಕಾಗಬಹುದು. ಆದರೆ ನಾವು ನಿಜಕ್ಕೂ ಕಲಿಯಬೇಕಾಗಿರುವುದು 'ಮಿಟೆಲ್‌ಷ್ಟಾಂಡ್' ಎಂದು ಹೆಸರಾದ ಅಲ್ಲಿನ ಮಧ್ಯಮ ಗಾತ್ರದ ಉದ್ದಿಮೆಗಳಿಂದ. ಅವುಗಳ ಯಂತ್ರಶಾಲೆಯ ಮಾತು, ತಪಾಸಣಾ ವರದಿ, ಸುರಕ್ಷತಾ ಫಲಕ ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿಯೇ ಇರುತ್ತವೆ. ಯಂತ್ರವನ್ನು ತಕ್ಷಣ ನಿಲ್ಲಿಸುವ ತುರ್ತು ಗುಂಡಿಗೆ ಅಲ್ಲಿ 'ನೋಟ್-ಔಸ್' ಎನ್ನುತ್ತಾರೆ. ಇದನ್ನು ಅರಿಯದವನನ್ನು ಯಂತ್ರದ ಮುಂದೆ ನಿಲ್ಲಿಸುವುದು ಕ್ಷೇಮವಲ್ಲ.

ಅಂಕಿ ಒಂದೇ, ಅರ್ಥ ಬೇರೆ

ವ್ಯಾಕರಣಕ್ಕಿಂತ ಮೊದಲು ಅಂಕಿಗಳನ್ನು ಕಲಿಯಬೇಕು. ಜರ್ಮನ್ ಬರವಣಿಗೆಯಲ್ಲಿ ಅಲ್ಪವಿರಾಮವು ದಶಮಾಂಶದ ಗುರುತು; ಸಾವಿರವನ್ನು ಬಿಂದುವಿನಿಂದ ಬೇರ್ಪಡಿಸುತ್ತಾರೆ. ಆದ್ದರಿಂದ 1.250 ಯೂರೊ ಎಂದರೆ ಒಂದು ಸಾವಿರದ ಇನ್ನೂರ ಐವತ್ತು. 1,250 ಮಿಲಿಮೀಟರ್ ಎಂದರೆ ಒಂದೂಕಾಲು. ಜರ್ಮನ್ 'ಬಿಲಿಯೋನ್' ನಮ್ಮ ಲಕ್ಷ ಕೋಟಿಗೆ ಸಮ. ಇಂಗ್ಲಿಷಿನ ಬಿಲಿಯನ್ನಿಗೆ ಅವರು 'ಮಿಲಿಯಾರ್ಡೆ' ಎನ್ನುತ್ತಾರೆ. 'ಹಾಲ್ಬ್ ದ್ರೈ', ಅಂದರೆ ಅರ್ಧ ಮೂರು, ಎಂದರೆ ಎರಡೂವರೆ ಗಂಟೆ. ಮೂರೂವರೆಗೆ ಹೋದವರಿಗೆ ಸಭೆ ಮುಗಿದಿರುತ್ತದೆ. ಸರಕು ಪೂರೈಕೆಯ ಗಡುವನ್ನು ತಾರೀಖಿನ ಬದಲು ವರ್ಷದ ಇಷ್ಟನೆಯ ವಾರವೆಂದು ನಮೂದಿಸುವ ರೂಢಿಯೂ ಅಲ್ಲಿದೆ.

ಪರಿಚಿತವೆನಿಸುವ ಪದಗಳಲ್ಲಿ ಅಪಾಯ ಹೆಚ್ಚು. ನಮ್ಮ ಲೆಕ್ಕಪತ್ರದಲ್ಲಿ ಪ್ರಾವಿಷನ್ ಎಂದರೆ ಮುಂದಿನ ಹೊಣೆಗಾಗಿ ಕಾದಿರಿಸಿದ ಮೊತ್ತ. ಜರ್ಮನ್ ಕಾಗದದಲ್ಲಿ ಅದೇ ಅಕ್ಷರಗಳ ಪದಕ್ಕೆ ದಲ್ಲಾಳಿ ಕಮಿಷನ್ ಎಂದರ್ಥ. 'ಇವೆಂಟುಯೆಲ್' ಎಂದರೆ ಇಂಗ್ಲಿಷಿನಂತೆ ಕೊನೆಗೊಮ್ಮೆ ಎಂದಲ್ಲ, ಬಹುಶಃ ಎಂದು. ಸರಕು ಕೊನೆಗಾದರೂ ಬರುತ್ತದೆ ಎಂದು ನಂಬಿದವನಿಗೆ ಅವರು ಬರೆದದ್ದು ಬಂದರೂ ಬರಬಹುದು ಎಂದಷ್ಟೇ ಆಗಿರುತ್ತದೆ. 'ಸ್ಕೋಂಟೊ' ಎಂದರೆ ಬೇಗ ಹಣ ಪಾವತಿಸಿದವರಿಗೆ ನೀಡುವ ರಿಯಾಯಿತಿ. 14 ದಿನಗಳೊಳಗೆ ಪಾವತಿಸಿದರೆ ಶೇ. 2 ರಿಯಾಯಿತಿ, ಇಲ್ಲವಾದರೆ 30 ದಿನಗಳಲ್ಲಿ ಪೂರ್ತಿ ಹಣ ಎಂಬ ಷರತ್ತನ್ನು ಗಮನಿಸಿರಿ. ಈ ರಿಯಾಯಿತಿಯನ್ನು ಕೈಬಿಟ್ಟವರು ಉಳಿದ 16 ದಿನಗಳ ಸಾಲಕ್ಕೆ ವಾರ್ಷಿಕ ಶೇ. 46ಕ್ಕೂ ಮಿಕ್ಕಿದ ಬಡ್ಡಿ ತೆತ್ತಂತೆ. ಪದವೊಂದರ ಅಜ್ಞಾನದ ಬೆಲೆ ಇಷ್ಟು.

ಎಷ್ಟು ಕಾಲ ಬೇಕು?

ಐರೋಪ್ಯ ಮಾನದಂಡದಂತೆ ಭಾಷಾ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಭಾರತದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂದು ಪರಿಚಿತವಾಗಿರುವ, ಬೆಂಗಳೂರಿನಲ್ಲಿಯೂ ಕೇಂದ್ರವಿರುವ ಗಯಟೆ ಸಂಸ್ಥೆಯ ಅಂದಾಜಿನಂತೆ, ಎ1 ತಲುಪಲು 45 ನಿಮಿಷಗಳ 80ರಿಂದ 200 ಪಾಠಗಳೂ, ಆರಂಭದಿಂದ ಬಿ1 ತಲುಪಲು 350ರಿಂದ 650 ಪಾಠಗಳೂ ಬೇಕು. ವಾರಕ್ಕೆ ಆರು ಪಾಠಗಳಂತೆ ಲೆಕ್ಕ ಹಾಕಿದರೆ, 150 ಪಾಠಗಳಿಗೆ 25 ವಾರ, 480 ಪಾಠಗಳಿಗೆ 80 ವಾರ. ಅಂದರೆ ಬಿ1 ಮಟ್ಟಕ್ಕೆ ಸುಮಾರು ಒಂದೂವರೆ ವರ್ಷ. ಈ ಅವಧಿಯನ್ನು ಯೋಜನೆಯ ಆರಂಭದಲ್ಲಿಯೇ ಕೂಡಿಸಿಕೊಳ್ಳದೆ ಅನ್ಯಮಾರ್ಗವಿಲ್ಲ.

ಭಾರತದ ನುರಿತ ಕೆಲಸಗಾರರಿಗೆ ನೀಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿಯು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಜೂನ್ 1ರಿಂದ ಜಾರಿಗೆ ಬಂದ, ಉದ್ಯೋಗ ಹುಡುಕಲು ಅವಕಾಶ ನೀಡುವ 'ಶಾನ್ಸನ್‌ಕಾರ್ಟೆ'ಗೆ ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್ ಕನಿಷ್ಠ ಅರ್ಹತೆ. ಆದರೆ ಕಾನೂನು ಕೇಳುವ ಕನಿಷ್ಠ ಬೇರೆ, ಕಾರ್ಖಾನೆ ಕೇಳುವ ಕನಿಷ್ಠ ಬೇರೆ ಎಂಬುದನ್ನು ಮರೆಯಲಾಗದು. ಎ1 ಕಲಿತವರು ತಮ್ಮ ಪರಿಚಯ ಹೇಳಿಕೊಳ್ಳಬಲ್ಲರು. ಯಂತ್ರ ಏಕೆ ಕೆಟ್ಟಿತೆಂದು ವಿವರಿಸಲು ಅದು ಸಾಲದು.

ಕನ್ನಡಿಗರಿಗಿರುವ ಅನುಕೂಲ

ಇಂಗ್ಲಿಷ್ ಕಲಿಯುವಾಗ ನಮ್ಮನ್ನು ಕಾಡುವ ಕೆಲವು ತೊಡಕುಗಳು ಜರ್ಮನ್‌ನಲ್ಲಿ ಇಲ್ಲ. ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕನ್ನಡದಂತೆಯೇ ಕೊನೆಗೆ ಬರುತ್ತದೆ. ನಮ್ಮ ಸಮಾಸಗಳಂತೆ ಪದಕ್ಕೆ ಪದ ಬೆಸೆದು ಹೊಸ ಪದ ಮಾಡುತ್ತಾರೆ: 'ಲೀಫರ್' ಎಂದರೆ ಪೂರೈಕೆ, 'ಶೈನ್' ಎಂದರೆ ಚೀಟಿ, 'ಲೀಫರ್‌ಶೈನ್' ಎಂದರೆ ಸರಕಿನೊಡನೆ ಬರುವ ಚಲನ್. ನೀನು–ನೀವು ಭೇದವೂ ಉಂಟು. ಕಚೇರಿಯಲ್ಲಿ ಅವರಾಗಿಯೇ ಹೇಳುವವರೆಗೆ ಗೌರವದ 'ಝೀ' ಬಳಸುವುದೇ ಕ್ರಮ. ತೊಡಕಿರುವುದು ಲಿಂಗದಲ್ಲಿ: ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಇದಕ್ಕೆ ಬಾಯಿಪಾಠವೊಂದೇ ದಾರಿ. ಜರ್ಮನಿಯಿಂದ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್ ನಮ್ಮ ಭಾಷೆಯನ್ನು ಕಲಿತು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೇ ಹೊರತಂದರು. ನಮಗೆ ಬೇಕಾಗಿರುವುದು ನಿಘಂಟಲ್ಲ, ನಮ್ಮ ವ್ಯವಹಾರದ ಇನ್ನೂರು ಪದಗಳು. ನಿಮ್ಮ ಬಳಿಯಿರುವ ಜರ್ಮನ್ ಇನ್‌ವಾಯ್ಸ್, ನಕ್ಷೆ, ಯಂತ್ರದ ಕೈಪಿಡಿಗಳಿಂದ ಆ ಪದಗಳನ್ನು ಆರಿಸಿ ಶಿಕ್ಷಕರ ಮುಂದಿಡಿರಿ. ಪಠ್ಯಪುಸ್ತಕದ ಹೋಟೆಲು, ರೈಲು ನಿಲ್ದಾಣದ ಸಂಭಾಷಣೆಗಳ ಜೊತೆಯಲ್ಲಿಯೇ ಇದೂ ಸಾಗಲಿ.

ಲೆಕ್ಕದ ದೃಷ್ಟಿಯಿಂದ

ಭಾಷಾ ಶುಲ್ಕವನ್ನು ತರಬೇತಿ ವೆಚ್ಚದ ಅಂಗವಾಗಿ ತೋರಿಸಬೇಕಾದರೆ ವೆಚ್ಚವು ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕೇ ಆಗಿರಬೇಕು. ನಿರ್ದೇಶಕರ ಮಕ್ಕಳ ವಿದೇಶ ವ್ಯಾಸಂಗದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಕೆಲವೊಮ್ಮೆ ವೆಚ್ಚವನ್ನು ಒಪ್ಪಿವೆ, ಕೆಲವೊಮ್ಮೆ ತಳ್ಳಿಹಾಕಿವೆ. ವ್ಯಾಪಾರದೊಡನೆ ನೇರ ಸಂಬಂಧವಿತ್ತೇ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಆದ್ದರಿಂದ ಆಯ್ಕೆಯ ಕಾರಣ ವಿವರಿಸುವ ನಿರ್ಣಯ, ಮರಳಿದ ಮೇಲೆ ಸೇವೆ ಸಲ್ಲಿಸುವ ಕರಾರು, ಹಾಜರಾತಿ, ಪರೀಕ್ಷಾ ಪ್ರಮಾಣಪತ್ರ ಇವನ್ನು ಮೊದಲಿನಿಂದಲೇ ಕಡತದಲ್ಲಿರಿಸಬೇಕು. ಮಗನಾದರೂ ಕರಾರು ಕರಾರೇ.

ಟಿಕೆಟ್ ಕಾದಿರಿಸುವ ಮುನ್ನ ಸಣ್ಣ ಪರೀಕ್ಷೆಯೊಂದನ್ನು ನಡೆಸಬಹುದು. ಹೊರಡಲಿರುವವರ ಕೈಗೆ ಜರ್ಮನ್ ಇನ್‌ವಾಯ್ಸ್ ಒಂದನ್ನು ಕೊಟ್ಟು, ಎಷ್ಟು ಹಣ, ಯಾವ ದಿನ, ಯಾವ ಷರತ್ತು ಎಂದು ಕೇಳಿರಿ. ಮೂರಕ್ಕೂ ಸರಿಯುತ್ತರ ಬರುವ ತನಕ ಪ್ರಯಾಣವನ್ನು ಮುಂದೂಡುವುದೇ ಉಳಿತಾಯ.